ಬೂಷ್ಟು ಹಿಡಿದ ಲೆನ್ಸಿನ ಬಗ್ಗೆ ನಾನು ಹೇಳಿದ ಸುಳ್ಳು

ತುಮಕೂರಿನ ಸ್ಟುಡಿಯೋ ಒಂದರಲ್ಲಿ ನಾವಿಬ್ಬರು ಮದುವೆ ಫೋಟೋ ತೆಗೆಯುತ್ತಿದ್ದೆವು, ನಾನು ಮತ್ತು ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ನನ್ನ ಗೆಳೆಯ. ಕೆಲಸಕ್ಕೆ ನಾನೇ ಮೂರು ವರ್ಷ ಹಿರಿಯ. ಆದರೂ ಆಲ್ಬಂ ತಿರುಗಿಸುವವರು "ಇದನ್ನ ತೆಗ್ದೋರು ಯಾರು?" ಎಂದು ಕೇಳುತ್ತಿದ್ದದ್ದು ಅವನ ಫೋಟೋ ಬಂದಾಗಲೇ. ನಾನು ನಗುತ್ತಾ ಅವನ ಕಡೆ ಕೈ ತೋರಿಸುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು.

ಹಳೆಯ ಲೆನ್ಸ್ ಪರೀಕ್ಷೆಗೆ ಮಾತ್ರ ಅವನು ನನ್ನನ್ನು ನಂಬಿದ್ದ. ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಒಳಗಿನದೆಲ್ಲ ಕಾಣುತ್ತದೆ. ಧೂಳಿಗೆ, ಮುಂದಿನ ಗಾಜಿನ ಸಣ್ಣ ಗೀರಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಜೇಡರ ಬಲೆಯಂತೆ ಹಬ್ಬುವ ಬೂಷ್ಟಿಗೆ. ಅದು ಮೇಲ್ಮೈಯಲ್ಲೇ ಇದ್ದರೆ ಒರೆಸಬಹುದು. ಗಾಜನ್ನೇ ತಿಂದಿದ್ದರೆ ಏನೂ ಮಾಡುವಂತಿಲ್ಲ.

ಡಿಜಿಟಲ್ ಬಂದ ಹೊಸತು. ನಮ್ಮಲ್ಲಿನ್ನೂ ರೀಲೇ ಓಡುತ್ತಿತ್ತು. ಕುಣಿಗಲ್‌ನಲ್ಲಿ ಹಿರಿಯ ಫೋಟೋಗ್ರಾಫರ್ ಒಬ್ಬರು ಅಂಗಡಿ ಮುಚ್ಚುತ್ತಿದ್ದಾರೆಂದು ತಿಳಿದು ಇಬ್ಬರೂ ಬಸ್ ಹತ್ತಿದೆವು. ಅವರ ಮೇಜಿನ ಮೇಲೆ ಎರಡೇ ಲೆನ್ಸ್ ಉಳಿದಿದ್ದವು. ಒಂದರ ಗಾಜು ಫಳಫಳ ಹೊಳೆಯುತ್ತಿತ್ತು. ಇನ್ನೊಂದು, ಮುಖದ ಫೋಟೋಗೆ ಹೇಳಿ ಮಾಡಿಸಿದಂಥದ್ದು, ಆದರೆ ಅಂಚಿಗೆ ಬೂಷ್ಟು ಹಿಡಿದಿತ್ತು. ಗೆಳೆಯ ಅದನ್ನೇ ಎತ್ತಿ ನನ್ನ ಕೈಗಿಟ್ಟ.

"ನೋಡೋ, ಸರಿ ಹೋಗುತ್ತಾ ಇದು?"

ಟಾರ್ಚ್ ಬಿಟ್ಟೆ. ಬೂಷ್ಟು ತೆಳ್ಳಗಿತ್ತು; ನನ್ನ ಅಂದಾಜಿಗೆ ಗಾಜು ಕೆಟ್ಟಿರಲಿಲ್ಲ. ಅದು ಅವನಿಗೆ ಸಿಕ್ಕರೆ ನನ್ನನ್ನು ಕೇಳುವವರೇ ಇರುವುದಿಲ್ಲ ಅನ್ನಿಸಿತು.

"ಗಾಜ್ನೇ ತಿಂದ್ಬುಟ್ಟೈತೆ ಕಣೋ. ಬುಡು," ಎಂದೆ.

ಅವನು ಅದನ್ನು ಕೈಯಲ್ಲೇ ತಿರುಗಿಸುತ್ತಾ ನಿಂತ. "ಇರ್ಲಿ, ಬಿಚ್ಚಿ ಕಲಿಯೋಕಾದ್ರೂ ಆಗ್ತದೆ," ಎಂದು ಕೊಂಡೇಬಿಟ್ಟ. ಹೊಳೆಯುವುದನ್ನು ನಾನು ಕೊಂಡೆ.

ಅವನ ಮೇಲೇ ಕಣ್ಣಿಟ್ಟಿದ್ದರಿಂದ ನನ್ನ ಲೆನ್ಸನ್ನು ನಾನು ಸರಿಯಾಗಿ ನೋಡಿರಲಿಲ್ಲ. ಒಳಗೆ ಹೋಗುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ತೆಳು ಲೋಹದ ಎಲೆಗಳಿಗೆ ಎಣ್ಣೆ ಹತ್ತಿತ್ತು. ಕ್ಲಿಕ್ ಮಾಡಿದಾಗ ಅವು ಅಂಟಿಕೊಂಡು ಮುಚ್ಚುತ್ತಲೇ ಇರಲಿಲ್ಲ. ಹಾಗಲವಾಡಿಯ ಮದುವೆಯೊಂದರಲ್ಲಿ ತೆಗೆದ ಎರಡು ರೀಲು ಹಾಳಾದವು. ಬೆಳಕು ಹೆಚ್ಚಾಗಿ ಮುಖಗಳೆಲ್ಲ ಸುಣ್ಣ ಬಳಿದ ಹಾಗೆ. ಸ್ಟುಡಿಯೋ ಮಾಲೀಕರು ಎಲ್ಲರೆದುರು ಬೈದರು.

ಅಷ್ಟರಲ್ಲಿ ಅವನು ತನ್ನದನ್ನು ಬಿಚ್ಚಿ ಒರೆಸಿದ್ದ. ಒಂದು ಭಾನುವಾರ ನಮ್ಮ ಮನೆಗೆ ಬಂದವನು, ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಫೋಟೋವನ್ನು ಅದರಲ್ಲೇ ತೆಗೆದ. ಪ್ರಿಂಟ್ ಬಂದಾಗ ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನೀನ್ ಯಾಕ್ಲಾ ಹಿಂಗೆ ಒಂದೂ ತೆಗ್ದಿಲ್ಲ?"

ಮರುದಿನ ಸ್ಟುಡಿಯೋದಲ್ಲಿ, ಕುಣಿಗಲ್‌ನಲ್ಲಿ ಸುಳ್ಳು ಹೇಳಿದ್ದೆ ಎಂದು ಅವನಿಗೆ ಹೇಳಿದೆ. ಅವನು ಬೈಯುತ್ತಾನೆಂದು ಕಾದೆ.

"ಒರೆಸ್ದಾಗ್ಲೇ ಅನುಮಾನ ಬಂತು," ಎಂದ. ಆಮೇಲೆ, "ನಿನ್ ಲೆನ್ಸ್ ಕೊಡು, ಎಣ್ಣೆ ತೆಗ್ದು ಕೊಡ್ತೀನಿ."

ವಾರದಲ್ಲಿ ಸರಿ ಮಾಡಿ ಕೊಟ್ಟ. ಆ ದೊಡ್ಡತನವೂ ಅವನ ಪಾಲಿಗೇ ಹೋಯಿತಲ್ಲ ಎಂದು ನನಗೆ ಸಂಕಟವಾಯಿತು. ಥ್ಯಾಂಕ್ಸ್ ಹೇಳಲು ಇನ್ನೂ ನಾಲ್ಕು ದಿನ ಹಿಡಿಯಿತು.