ಫ್ಲಾಪಿ ಮಶೀನಿಗೆ ದೃಷ್ಟಿ ತೆಗೆದದ್ದು

ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ, ಆಳಂದದ ನಮ್ಮ ಓಣಿಗೆಲ್ಲ ಗೊತ್ತಿರುವ ಮಾತು. ಅವಳು ನನ್ನ ಮೈದುನನ ಹೆಂಡತಿ, ಇರುವುದು ಜೇವರ್ಗಿಯಲ್ಲಿ. ಚೆಲುವೆಯೆಂದು ಕಿಚ್ಚಲ್ಲ, ಮೈತುಂಬ ಬಂಗಾರ ಹಾಕುತ್ತಾಳೆಂದೂ ಅಲ್ಲ. ಅವಳ ಮಶೀನು ಪೆನ್ ಡ್ರೈವ್‌ನಲ್ಲಿ ನಡೆಯುತ್ತದೆ, ನನ್ನದು ಇನ್ನೂ ಫ್ಲಾಪಿಯಲ್ಲಿ. ಉರಿಯೆಲ್ಲ ಅದೇ.

ನಾವಿಬ್ಬರೂ ಕುಪ್ಪಸಗಳ ಮೇಲೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕಿಕೊಡುವವರು. ನನ್ನ ಮಶೀನು ಸೊಲ್ಲಾಪುರದಲ್ಲಿ ಒಂದು ಕಾರ್ಖಾನೆ ಮುಚ್ಚಿದಾಗ ಟೆಂಪೊದಲ್ಲಿ ಹೇರಿಕೊಂಡು ಬಂದದ್ದು. ಅದರ ಜೊತೆಗೊಂದು ಕಂಪ್ಯೂಟರ್, ಹಿಂದೆ ಡುಬ್ಬವಿರುವ ಹಳೇ ಟಿವಿಯಂಥ ಪರದೆಯದು. ಅದರಲ್ಲಿ ಡಿಸೈನ್ ಮಾಡಿ, ಅಂಗೈಯಗಲದ ಫ್ಲಾಪಿಗೆ ಇಳಿಸಿ, ಆ ಫ್ಲಾಪಿಯನ್ನು ಮಶೀನಿನ ಸೀಳಿಗೆ ತುರುಕಬೇಕು. ಮಶೀನು ಸ್ವಲ್ಪ ಹೊತ್ತು ಕಟಕಟ ಹಲ್ಲು ಕಡಿದು ಆಮೇಲೆ ಸೂಜಿ ಇಳಿಸುತ್ತದೆ. ಫ್ಲಾಪಿಗಳನ್ನು ಈಗ ಯಾರೂ ಮಾರುವುದಿಲ್ಲ. ಬಾಗಿಲು ಹಾಕಿದ ಫೋಟೊ ಸ್ಟುಡಿಯೊದಿಂದ, ರಿಟೈರಾದ ಗುಮಾಸ್ತರ ಕಪಾಟಿನಿಂದ ಬೇಡಿ ತಂದು ಸ್ಟೀಲಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದೇನೆ. ಮಗಳು ಸಣ್ಣವಳಿದ್ದಾಗ ಅದರಲ್ಲಿ ಬೇಸನ್ ಉಂಡಿ ಇರಬಹುದೆಂದು ಮುಚ್ಚಳ ತೆಗೆದು, ಮುಖ ಸಿಂಡರಿಸಿಕೊಂಡು ಮತ್ತೆ ಮುಚ್ಚುತ್ತಿದ್ದಳು.

ನೆಗೆಣ್ಣಿಯ ಹೊಸ ಮಶೀನನ್ನು ಜೇವರ್ಗಿಗೆ ಹೋಗಿ ನೋಡಿದೆ. ನೋಡಬಾರದಿತ್ತು. ಪರದೆಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಹೇಳಿದ ಮಾತು ಕೇಳುತ್ತದೆ. ದಾರದ ಬಣ್ಣವನ್ನು ತಾನೇ ಬದಲಾಯಿಸಿಕೊಳ್ಳುತ್ತದೆ. ನನ್ನದು ಬಣ್ಣಕ್ಕೊಮ್ಮೆ ನಿಂತುಬಿಡುತ್ತದೆ, ನಾನು ಎದ್ದು ಹೋಗಿ ದಾರ ಪೋಣಿಸಬೇಕು. ಅವಳು ಮಶೀನು ಚಾಲೂ ಮಾಡಿ, ಒಳಗೆ ಹೋಗಿ ರೊಟ್ಟಿ ಬಡಿದು ಬರುವುದರೊಳಗೆ ಕುಪ್ಪಸದ ತೋಳು ಮುಗಿದಿತ್ತು.

"ದಾರ ಸಡ್ಲ ಬಿದ್ದಂಗ ಕಾಣ್ತದ ನೋಡವ್ವಾ," ಅಂದೆ ನಾನು.

ದಾರ ಸಡಿಲ ಬಿದ್ದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಕುಣಿಯಲು ಬರುತ್ತದೆ, ಆದರೂ ನೆಲ ಡೊಂಕು ಅನ್ನದೆ ಇರಲಾಗಲಿಲ್ಲ. ಅವಳು ಸಿಟ್ಟಾಗಲಿಲ್ಲ. "ಹೌದೇನ್ರಿ ಅಕ್ಕಾ, ನೋಡ್ತೇನಿ," ಅಂದು ಚಹಾ ಕೊಟ್ಟಳು. ಸಿಟ್ಟಾಗದವರ ಮೇಲೆ ನನಗೆ ಇನ್ನಷ್ಟು ಸಿಟ್ಟು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಗಳ ಕುಬಸ ಬಂತು.

ಮಗಳನ್ನು ಅಫಜಲಪುರ ತಾಲೂಕಿನ ಮಣ್ಣೂರಿಗೆ ಕೊಟ್ಟಿದ್ದೇವೆ, ಭೀಮಾ ದಂಡೆಯ ಊರು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಕುಪ್ಪಸ ಒಯ್ದು ತೊಡಿಸಿ, ಉಡಿ ತುಂಬಿ ಬರುವುದೇ ಕುಬಸ. ಆಳಂದದ ಎಷ್ಟೋ ಮನೆಗಳ ಕುಬಸದ ಕುಪ್ಪಸಗಳು ನನ್ನ ಮಶೀನಿನಿಂದ ಹೋಗಿವೆ. ಅದಕ್ಕೆಂದೇ ಗಿಳಿತೊಟ್ಟಿಲು ಅನ್ನುವ ಡಿಸೈನ್ ನಾನೇ ಮಾಡಿದ್ದೆ. ಎರಡು ಗಿಳಿ ಎದುರುಬದುರು ನಿಂತು ಕೊಕ್ಕಿನಲ್ಲಿ ತೊಟ್ಟಿಲ ಹಗ್ಗ ಹಿಡಿದಿರುತ್ತವೆ. ಆಗ ಶಾಲೆಗೆ ಹೋಗುತ್ತಿದ್ದ ಮಗಳು ಪಕ್ಕದಲ್ಲಿ ಕೂತು "ಕೊಕ್ಕು ಕೆಂಪ ಇರ್ಲಿ ಅವ್ವಾ," ಅಂದಿದ್ದಳು. ಅವಳ ಕುಬಸಕ್ಕೆ ಅದೇ ಗಿಳಿ ಹೋಗಬೇಕು, ನನ್ನ ಮಶೀನಿನಿಂದಲೇ ಹೋಗಬೇಕು. ಇದರಲ್ಲಿ ಕೇಳುವ ಮಾತೇನಿದೆ?

ಮಗಳು ಫೋನ್ ಮಾಡಿದಳು.

"ಅವ್ವಾ, ಚಿಗವ್ವ ಫೋಟೊ ಕಳ್ಸ್ಯಾಳ. ಆಕಿ ಮಶೀನ್‌ದಾಗ ಹಾಕಿದ್ದು ಬಾಳ ಚಂದ ಕಾಣ್ತದ. ನಮ್ಮತ್ತಿಗೂ ಮನಸಿಗಿ ಬಂದಾದ."

"ನಂದು ಆಗ್ಲೇ ತಯಾರ್ ಆಗ್ಯಾದ," ಅಂದೆ. ಬಟ್ಟೆಯನ್ನು ಸಹ ತಂದಿರಲಿಲ್ಲ.

"ಹಂಗಾದ್ರ ಎರಡೂ ತರ್ರಿ. ಯಾವುದು ಚಂದ ಅನಸ್ತದ, ಅದನ್ನ ತೊಟ್ಕೋತೇನಿ."

ಹಡೆದವಳಿಗೂ ಚಿಗವ್ವನಾದ ನೆಗೆಣ್ಣಿಗೂ ಪಂದ್ಯ ಹಚ್ಚಿ ಫೋನ್ ಇಟ್ಟಳು. ಯಜಮಾನರಿಗೆ ಹೇಳಿದರೆ, "ಇಬ್ರೂ ನಮ್ಮನಿಯವ್ರೇ, ಯಾರದಾದ್ರೇನು?" ಅಂದರು. ಅವರಿಗೆ ಅವತ್ತು ಪುಂಡಿಪಲ್ಯಕ್ಕೆ ಉಪ್ಪು ಹಾಕಲಿಲ್ಲ.

ಆ ವಾರವೇ ನೆಗೆಣ್ಣಿ ಯಾವುದೋ ಮದುವೆಗೆಂದು ಆಳಂದಕ್ಕೆ ಬಂದವಳು ನಮ್ಮ ಮನೆಗೂ ಬಂದಳು. ನೆಟ್ಟಗೆ ಮಶೀನಿನ ಮುಂದೆ ಹೋಗಿ ನಿಂತಳು. ನಾನು ಬೇಕಂತಲೇ ಫ್ಲಾಪಿ ಹಾಕಿ ಚಾಲೂ ಮಾಡಿದೆ. ಪುಣ್ಯಕ್ಕೆ ಮೊದಲ ಸಲಕ್ಕೇ ಕಟಕಟ ಅಂದಿತು.

"ಅಯ್ಯ ಶಿವನೇ! ಇದು ಇನ್ನಾ ನಡೀತದೇನ್ರಿ ಅಕ್ಕಾ? ಎಷ್ಟ್ ಗಟ್ಟಿ ಅದ ನೋಡ್ರಿ. ನಮ್ದು ಹೊಸಾದ್ ಇದ್ದು ಎರಡು ಸರ್ತಿ ಬಂದ್ ಬಿತ್ತು. ನಿಮ್ದು ಬಿಡ್ರಿ, ಕಲ್ಲಿನಂಥಾದ್ದು," ಅಂದು ಅದರ ಬೆನ್ನು ಸವರಿದಳು.

ಅವಳು ಹೋದ ಮೇಲೆ ದಾರ ಒಂದೇ ಸಮ ಹರಿಯತೊಡಗಿತು. ಪೋಣಿಸಿದೆ, ಹರಿಯಿತು. ಮತ್ತೆ ಪೋಣಿಸಿದೆ, ಮತ್ತೆ ಹರಿಯಿತು. ನನಗೆ ತಟ್ಟನೆ ಹೊಳೆಯಿತು. ಅಯ್ಯ, ಇವಳ ಕಣ್ಣು ತಾಗಿದೆ! ಹೊಸ ಮಶೀನು ಇದ್ದೂ ನನ್ನ ಹಳೇದರ ಮೇಲೆ ಇವಳಿಗೆ ಹೊಟ್ಟೆಕಿಚ್ಚು. ನಿಜ ಹೇಳುತ್ತೇನೆ, ಆ ಯೋಚನೆ ಬಂದ ಕೂಡಲೇ ಎಷ್ಟೋ ದಿನದ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು.

ಮುಷ್ಟಿ ತುಂಬ ಹರಳುಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ಮಶೀನಿಗೆ ದೃಷ್ಟಿ ತೆಗೆದೆ. "ನಾಯಿ ಕಣ್ಣು, ನರಿ ಕಣ್ಣು, ಓಣಿ ಕಣ್ಣು, ಹಾದಿಹೋಕರ ಕಣ್ಣು, ಜೇವರ್ಗಿ ಕಣ್ಣು, ಸುಟ್ಟು ಬೂದಿಯಾಗ್ಲಿ." ಜೇವರ್ಗಿಯನ್ನು ಇನ್ನೊಂದು ಸಲ ಹೇಳಿದೆ. ಕೂಸಿಗಾದರೆ ನೆತ್ತಿಗೆ ಮುಷ್ಟಿ ಮುಟ್ಟಿಸುತ್ತೇವೆ. ಮಶೀನಿಗೆ ನೆತ್ತಿ ಎಲ್ಲಿ? ಅದು ಉಣ್ಣುವುದು ಫ್ಲಾಪಿಯ ಸೀಳಿನಿಂದ, ಜೀವ ಇರುವುದು ಅಲ್ಲೇ. ಆ ಸೀಳಿಗೇ ಮುಷ್ಟಿ ಒತ್ತಿ ಒತ್ತಿ ಮುಟ್ಟಿಸಿದೆ. ಆಮೇಲೆ ನೀರೊಲೆಗೆ ಸುರಿದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಅಂತಲೇ ಅರ್ಥ. ಇನ್ನೇನು ಸಾಕ್ಷಿ ಬೇಕು?

ಮರುದಿನ ಮುಂಜಾನೆ ಹಸಿರು ಬಟ್ಟೆ ಬಿಗಿದು, ಗಿಳಿತೊಟ್ಟಿಲಿನ ಫ್ಲಾಪಿ ಹಾಕಿದೆ. ಕಟಕಟ ಅನ್ನಲಿಲ್ಲ. ಕರ್ರ್ ಅಂತ ಬೀಸುಕಲ್ಲಿನ ಸದ್ದು ಬಂತು. ತೆಗೆದು ಇನ್ನೊಂದು ಹಾಕಿದೆ, ಅದನ್ನೂ ತಿಂದುಹಾಕಿತು. ಡಬ್ಬಿ ಮುಚ್ಚಿಟ್ಟು ಕಾಟಿನ ಮೇಲೆ ಬಿದ್ದುಕೊಂಡು ಅತ್ತೆ. ಕುಬಸ ಹತ್ತಿರ ಬಂದಿತ್ತು. ಮಗಳ ಮೈಮೇಲೆ ಜೇವರ್ಗಿ ಕುಪ್ಪಸವೇ ಗತಿ ಎಂದು ಖಾತ್ರಿಯಾಯಿತು.

ಯಜಮಾನರು ಬಾಯಿ ಮುಚ್ಚಿಕೊಂಡು ಇರುವವರಲ್ಲ, ತಮ್ಮನಿಗೆ ಫೋನ್ ಹಚ್ಚಿ ಎಲ್ಲ ಹೇಳಿದರು. ಮಧ್ಯಾಹ್ನಕ್ಕೆ ನೆಗೆಣ್ಣಿ ತನ್ನ ಮಶೀನಿನ ರಿಪೇರಿಯವನನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಸೊಲ್ಲಾಪುರ ಕಡೆಯವನು. ಅವನು ಸೀಳಿನ ಹಿಂದಿನ ಫ್ಲಾಪಿ ಓದುವ ಡ್ರೈವು ಬಿಚ್ಚಿ ಬೋರಲು ಹಾಕಿ ಕೊಡವಿದ. ಹಾಸಿದ ಪೇಪರಿನ ಮೇಲೆ ಉಪ್ಪಿನ ಹರಳು ಉದುರಿದವು. ಅದರ ಹಿಂದೆ ಸಾಸಿವೆ, ಮೆಣಸಿನಕಾಯಿ ಬೀಜ.

"ಇಲ್ಲೇ ಕುಂತು ಊಟ ಮಾಡ್ತೀರೇನ್ರಿ ಬಾಯೀ?" ಅಂದ ಅವನು.

ಅವನಿಗೆ ತಿಳಿಯಲಿಲ್ಲ. ನೆಗೆಣ್ಣಿಗೆ ತಿಳಿಯಿತು. ಉಪ್ಪು, ಸಾಸಿವೆ, ಮೆಣಸಿನಕಾಯಿ ಮೂರೂ ಒಂದೇ ಕಡೆ ಕಂಡರೆ ಯಾವ ಹೆಂಗಸಿಗೆ ತಿಳಿಯುವುದಿಲ್ಲ?

"ಯಾರ ಕಣ್ಣು ತೆಗದ್ರಿ ಅಕ್ಕಾ?"

"ಓಣಿಯವ್ರದು."

"ಓಣಿಯವ್ರು ಇದನ್ನ ದಿನಾ ನೋಡ್ತಾರಲ್ರಿ," ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳು. ಭೂಮಿ ಬಾಯಿ ಬಿಟ್ಟರೆ ಫ್ಲಾಪಿ ಡಬ್ಬಿ ಸಮೇತ ಇಳಿದುಹೋಗುತ್ತಿದ್ದೆ.

ಡ್ರೈವು ಸತ್ತಿತ್ತು. ಇಂಥದ್ದು ಇನ್ನೊಂದು ಬೇಕಾದರೆ ಕಲಬುರಗಿಯ ಗುಜರಿಯಲ್ಲಿ ಹಳೇ ಕಂಪ್ಯೂಟರುಗಳ ಹೊಟ್ಟೆ ಬಗೆದು ಹುಡುಕಬೇಕು ಅಂದ. ಹುಡುಕಿ ತಂದು ಹಾಕಿಯೂ ಹಾಕಿದ, ಈಗ ಮಶೀನು ಮೊದಲಿನಂತೆಯೇ ಹಲ್ಲು ಕಡಿಯುತ್ತದೆ. ಆದರೆ ಅದು ಕುಬಸ ಮುಗಿದ ಮೇಲಿನ ಮಾತು.

ಅವನು ಹೋದ ಮೇಲೆ ನೆಗೆಣ್ಣಿ ಚೀಲದಿಂದ ಪೆನ್ ಡ್ರೈವ್ ತೆಗೆದಳು. ಉಗುರಿನಷ್ಟಿತ್ತು.

"ನಿಮ್ಮ ಗಿಳಿ ಇದ್ರಾಗ ಹಾಕಿ ಕೊಡ್ರಿ ಅಕ್ಕಾ. ನನ್ನ ಮಶೀನ್‌ದಾಗ ಹೊಡದು ತರ್ತೇನಿ."

ಕೊಡಬಹುದಿತ್ತು. ಡಿಸೈನುಗಳೆಲ್ಲ ಡುಬ್ಬದ ಕಂಪ್ಯೂಟರಿನಲ್ಲಿ ಕ್ಷೇಮವಾಗಿದ್ದವು, ಅದರ ಬೆನ್ನಲ್ಲಿ ಪೆನ್ ಡ್ರೈವ್ ಹಾಕುವ ತೂತೂ ಇದೆ. ಆದರೆ ಗಿಳಿ ಒಮ್ಮೆ ಜೇವರ್ಗಿಗೆ ಹಾರಿದರೆ ಮತ್ತೆ ನನ್ನದಾಗಿ ಉಳಿಯುತ್ತದೆಯೇ? ಗಿಳಿತೊಟ್ಟಿಲು ಬೇಕೆಂದರೆ ಹೆಂಗಸರು ನನ್ನ ಬಾಗಿಲಿಗೇ ಬರಬೇಕಿತ್ತು. ಕೊಡದಿದ್ದರೆ ಮಗಳು ಅವಳದೇ ಯಾವುದೋ ನವಿಲು ತೊಡುತ್ತಾಳೆ. "ಕೊಕ್ಕು ಕೆಂಪ ಇರ್ಲಿ ಅವ್ವಾ," ಅಂದ ದನಿ ಕಿವಿಯಲ್ಲಿ ಬಂತು. ಹಲ್ಲು ಕಚ್ಚಿಕೊಂಡು ಹಾಕಿಕೊಟ್ಟೆ. "ಕೊಕ್ಕಿಗಿ ಕೆಂಪ್ ದಾರ. ಮರೀಬ್ಯಾಡ," ಅಂದೆ.

ಕುಬಸದ ದಿನ ಮಣ್ಣೂರಿನ ಪಡಸಾಲೆ ತುಂಬಿತ್ತು. ಹಸಿರು ಸೀರೆ, ಹಸಿರು ಬಳೆ, ತೋಳಿನ ಮೇಲೆ ಗಿಳಿತೊಟ್ಟಿಲು. ಮಗಳು ತುಂಬ ಚಂದ ಕಂಡಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ತೋಳು ಹಿಡಿದು ನೋಡಿದರು. "ಯಾರು ಹಾಕ್ಯಾರವ್ವಾ ಇದು?"

"ನಮ್ಮ ಚಿಗವ್ವನ ಮಶೀನ್‌ದಾಗಿಂದು," ಅಂದಳು ಮಗಳು.

"ಗಿಳಿ ಅಕ್ಕಂದ್ರಿ," ಅಂದಳು ನೆಗೆಣ್ಣಿ. ಯಾರು ಕೇಳಿಸಿಕೊಂಡರು? ಎಲ್ಲರೂ ಅವಳ ಫೋನ್ ನಂಬರ್ ಕೇಳುವುದರಲ್ಲಿದ್ದರು. ನನ್ನ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ಮಗಳ ತೋಳನ್ನೇ ದುರುಗುಟ್ಟಿ ನೋಡುತ್ತ ನಿಂತೆ.

ಉಡಿ ತುಂಬಿದ ಮೇಲೆ ಬೀಗತಿ ಅಂದಳು, "ಹಡದಾಕಿ ಕಣ್ಣೇ ಮೊದ್ಲು ತಾಗ್ತದಂತ. ದೃಷ್ಟಿ ನೀವೇ ತೆಗೀರಿ."

ಸುಮ್ಮನೆ ಆಡಿದ ಮಾತು. ನಾನು ಮಾತ್ರ ಮಗಳ ತೋಳಿನಿಂದ ಕಣ್ಣು ಕಿತ್ತೆ. ಇಷ್ಟು ಹೊತ್ತು ಉರಿಗಣ್ಣಿನಿಂದ ನೋಡಿದ್ದೆನಲ್ಲ, ಯಾರನ್ನು ನೋಡಿದ್ದೆ? ಬಸುರಿ ಹೆಂಗಸು, ನನ್ನದೇ ಕೂಸು.

ನೆಗೆಣ್ಣಿ ಉಪ್ಪು, ಮೆಣಸಿನಕಾಯಿ ತಂದು ನನ್ನ ಮುಷ್ಟಿಗೆ ತುಂಬಿದಳು. ಕಿವಿಯ ಹತ್ತಿರ ಬಗ್ಗಿ, "ಎಲ್ಲೆರ ಸೀಳಿನ್ಯಾಗ ಬೀಳಿಸಿಗಿಳಿಸೀರಿ ಅಕ್ಕಾ," ಅಂದಳು. ನಗಲಾಗಲಿಲ್ಲ.

ನಿವಾಳಿಸಿದೆ. ನಾಯಿ ಕಣ್ಣು, ನರಿ ಕಣ್ಣು, ಓಣಿ ಕಣ್ಣು, ಹಾದಿಹೋಕರ ಕಣ್ಣು. ಜೇವರ್ಗಿ ಬಾಯಿಯ ತನಕ ಬಂದು ನಿಂತಿತು. "ಆಳಂದದ ಕಣ್ಣು," ಅಂದೆ, ಮೆಲ್ಲಗೆ. ನೆಗೆಣ್ಣಿ ಸರಕ್ಕನೆ ನನ್ನ ಮುಖ ನೋಡಿದಳು.

ಅಡಿಗೆಮನೆಗೆ ಹೋಗಿ ಒಲೆಯ ಕೆಂಡಕ್ಕೆ ಸುರಿದು ಅಲ್ಲೇ ಕುಕ್ಕರಿಸಿದೆ, ಹೆಂಗಸರೂ ಹಿಂದೆ ಬಂದು ನಿಂತರು. ಉಪ್ಪು ಚಟಚಟ ಅಂತು. ಮೆಣಸಿನಕಾಯಿ ಕಪ್ಪಾಯಿತು. ಘಾಟು ಬರಲಿಲ್ಲ. ಶಿವನೇ, ಬರಲಿ. ನನ್ನ ಮಶೀನು ಗುಜರಿಗೆ ಹೋಗಲಿ, ಗಿಳಿಗಳೆಲ್ಲ ಜೇವರ್ಗಿಯಲ್ಲೇ ಇರಲಿ, ಘಾಟೊಂದು ಬರಲಿ.

ಬೀಗತಿ ಕೆಮ್ಮಿದಳು. ಅವಳ ಹಿಂದೆ ಮಗಳು ಸೀನಿದಳು. ನೋಡನೋಡುತ್ತ ಅಡಿಗೆಮನೆಯೆಲ್ಲ ಘಾಟು ತುಂಬಿ, ಹೆಂಗಸರು ಸೆರಗು ಮೂಗಿಗೆ ಹಿಡಿದು ಮಗಳನ್ನೂ ಎಳೆದುಕೊಂಡು ಅಂಗಳಕ್ಕೆ ಓಡಿದರು. ನಾನು ಮಾತ್ರ ಒಲೆಯ ಮುಂದೆಯೇ ಕೂತು ಕೆಮ್ಮಿ ಕೆಮ್ಮಿ ಅತ್ತೆ. ನನ್ನ ಕಣ್ಣು ಮಗಳಿಗೆ ತಾಗಿರಲಿಲ್ಲ.

"ಏಳ್ರಿ ಅಕ್ಕಾ, ಸಾಕು," ನೆಗೆಣ್ಣಿ ರಟ್ಟೆ ಹಿಡಿದು ಎಬ್ಬಿಸಿದಳು. ಅವಳೂ ಕೆಮ್ಮುತ್ತಿದ್ದಳು. "ಆಳಂದದ ಕಣ್ಣಿನ್ಯಾಗ ಏನೂ ಇಲ್ಲ ಬಿಡ್ರಿ, ಬರೇ ಘಾಟು."

ಅಂಗಳಕ್ಕೆ ಬಂದು ಮಗಳ ತೋಳು ಹಿಡಿದುಕೊಂಡೆ. ನೀರು ತುಂಬಿದ ಕಣ್ಣಿನಿಂದಲೇ ಗಿಳಿಯನ್ನು ನೋಡಿದೆ. ನನ್ನ ಮಶೀನಿನಲ್ಲಿ ಕೊಕ್ಕಿನ ತುದಿ ಯಾವಾಗಲೂ ಚೂರು ಸೊಟ್ಟ ಬೀಳುತ್ತಿತ್ತು, ಎಷ್ಟು ವರ್ಷ ತಿದ್ದಿದರೂ ಹೋಗಿರಲಿಲ್ಲ. ಇಲ್ಲಿ ನೆಟ್ಟಗಿತ್ತು. ಹಾಳಾದದ್ದು, ಎಷ್ಟು ನೆಟ್ಟಗಿತ್ತು.