ಬೆಳಕಿಗೆ ಹಿಡಿದ ಕಾರ್ಬನ್ ಹಾಳೆ

ಮೊನ್ನೆ ಹಳೆಯ ಕಡತಗಳನ್ನು ಹರಿದು ಹಾಕುತ್ತಾ ಕೂತಿದ್ದಾಗ ಒಂದರೊಳಗಿಂದ ನಾಲ್ಕು ಮಡಿಕೆಯ ಕಾರ್ಬನ್ ಹಾಳೆ ಬಿತ್ತು. ಬೆರಳಿಗೆ ನೀಲಿ ಹತ್ತಿತು. ಆ ಎಣ್ಣೆಯಂಥ ವಾಸನೆ ಮೂಗಿಗೆ ಬಡಿದಿದ್ದೇ ತಡ, ಹಳೆಯದೆಲ್ಲ ನೆನಪಾಯಿತು. ಶಿರಾದ ಟೈಪಿಂಗ್ ಮೇಷ್ಟ್ರು...

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಶಿರಾ ಹತ್ತಿರದ ಕಳ್ಳಂಬೆಳ್ಳದ ಕಡೆಯ ಕುರಿ ಸಾಕುವ ಮನೆ. ಬೆಂಗಳೂರಿನಲ್ಲಿ ಪಿಎಚ್.ಡಿ.ಗೆ ಸೇರಿದ್ದೆ, ನಮ್ಮ ಮಂದೆಗಳು ವಲಸೆ ಹೋಗುವ ದಾರಿಗಳೇ ನನ್ನ ವಿಷಯ. ಫೆಲೋಶಿಪ್ ಸಿಕ್ಕರೆ ಓದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಊರು. ಇಲಾಖೆಯ ಬೋರ್ಡಿನಲ್ಲಿ ಬೇರೆ ನೋಟಿಸುಗಳ ಅಡಿ ಮುಚ್ಚಿಹೋಗಿದ್ದ ಪ್ರಕಟಣೆಯನ್ನು ಹೇಗೋ ಕಂಡುಹಿಡಿದು, ಎರಡು ವರ್ಷದ ಯೋಜನೆಯನ್ನು ತಿಂಗಳು ತಿಂಗಳಾಗಿ ಬರೆದೆ. ಸಂಕ್ರಾಂತಿ ಕಳೆದ ಮೇಲೆ ನನ್ನ ಸೋದರಮಾವನ ಮಂದೆಯ ಜೊತೆ ಪಾವಗಡ ದಾಟಿ ನಡೆಯುತ್ತೇನೆ ಎಂದೂ ಸೇರಿಸಿದೆ.

ಟೈಪ್ ಮಾಡಿಸಿದ್ದು ಶಿರಾ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿದ್ದ ಈ ಮೇಷ್ಟ್ರ ಹತ್ತಿರ. ಬಾಡಿಗೆ ಕರಾರು, ತಕರಾರು ಅರ್ಜಿಗಳಿಗೆ ಒಂದೇ ಕಾರ್ಬನ್ನನ್ನು ಜರಡಿಯಾಗುವವರೆಗೂ ಬಳಸುತ್ತಿದ್ದರು. ಓದುವ ಹುಡುಗರ ಅರ್ಜಿಗೆ ಮಾತ್ರ ಹೊಸದು. "ಹಣೇಬರ ಮಸುಕಾಗಬಾರ್ದು ಕಣಪ್ಪ" ಎನ್ನುತ್ತಿದ್ದರು. ನನ್ನ ಸ್ಪೆಲ್ಲಿಂಗ್ ತಪ್ಪುಗಳನ್ನು ತಿದ್ದಿದರು. "ನಿಮ್ಮ ಮಾವಂದು ಎಷ್ಟು ಕುರಿ ಐತೆ?" ಎಂದೂ ಕೇಳಿದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ.

ಶಿಫಾರಸು ಪತ್ರಕ್ಕಾಗಿ, ಶಿರಾದ ಕಾಲೇಜಿನಲ್ಲಿ ಡಿಗ್ರಿಗೆ ನನಗೆ ಪಾಠ ಹೇಳಿದ್ದ ಲೆಕ್ಚರರ್‌ಗೆ ಅರ್ಜಿಯ ಒಂದು ಪ್ರತಿ ಕೊಟ್ಟೆ. ಕೆಲವು ತಿಂಗಳಾದ ಮೇಲೆ ಫಲಿತಾಂಶ ಬಂತು. ನನ್ನ ಹೆಸರಿರಲಿಲ್ಲ. ಆ ಲೆಕ್ಚರರ್ ಬಾಮೈದನ ಹೆಸರಿತ್ತು. ಸಂಶೋಧನೆ ಬಿಡಲು ಮನಸ್ಸಾಗದೆ ಇನ್ನೊಂದು ಅರ್ಜಿ ಹಿಡಿದು ಮತ್ತೆ ಮೇಷ್ಟ್ರ ಬಳಿ ಹೋದೆ. ಅವರು ಯಾರದೋ ಕಾಗದ ಮುಗಿಸುವವರೆಗೆ ಕಾಯುತ್ತಾ, ಮತ್ತೆ ಬಳಸಲೆಂದು ಮೇಜಿನ ಮೇಲೆ ಎತ್ತಿಟ್ಟಿದ್ದ ಹಳೆಯ ಕಾರ್ಬನ್ನುಗಳಲ್ಲಿ ಒಂದನ್ನು ಸುಮ್ಮನೆ ಕಿಟಕಿಯ ಬೆಳಕಿಗೆ ಹಿಡಿದೆ. ಹೊಸ ಕಾರ್ಬನ್ ಮೇಲೆ ಒಂದೇ ಸಲ ಹೊಡೆದದ್ದು, ಅಕ್ಷರ ಅಕ್ಷರವೂ ಕಾಣುತ್ತಿತ್ತು. ನನ್ನದೇ ಯೋಜನೆ, ಮೇಲೆ ಬಾಮೈದನ ಹೆಸರು. ಜನ್ಮದಲ್ಲಿ ಕುರಿ ಮುಟ್ಟದವನು "ನನ್ನ ಸೋದರಮಾವನ ಮಂದೆಯ ಜೊತೆ" ನಡೆಯಲು ಹೊರಟಿದ್ದ! ಥೂ!

"ನಿಮಗೆ ಗೊತ್ತಿತ್ತಾ ಮೇಷ್ಟ್ರೇ?" ಎಂದೆ.

ಅವರು ಬೆರಳು ನಿಲ್ಲಿಸಲಿಲ್ಲ. "ನಾವು ಟೈಪ್ ಮಾಡೋರು ಕಣಪ್ಪ, ಓದೋರಲ್ಲ."

"ನನ್ನ ಮಾವನ ಕುರಿ ಎಷ್ಟು ಅಂತ ಕೇಳಿದ್ರಲ್ಲ!"

ಮಿಷನ್ ಆಗ ನಿಂತಿತು. "ಬೇಕಾದ್ರೆ ಅದನ್ನ ತಗಂಡೋಗು. ನನ್ನ ಹೆಸರು ಎತ್ತಬ್ಯಾಡ, ಸಾಕ್ಷಿಗೆ ಕರೀಬ್ಯಾಡ. ಆ ಲೆಕ್ಚರರ್ ಬರಾದು ನಿಂತ್ರೆ ಕಾಲೇಜಿನ ಕೆಲ್ಸ ಎಲ್ಲಾ ನಿಂತೋಗ್ತೈತೆ. ಬುಟ್ಬುಡು."

ಅವರ ಸಾಕ್ಷಿ ಇಲ್ಲದ ಮೇಲೆ ಆ ಹಾಳೆ ಬರೀ ಮಸಿ. ಆದರೂ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಅವರ ಬಾಗಿಲಲ್ಲೇ ಉಗಿದು ಬಂದೆ. ಕದ್ದವನಿಗಿಂತ, ಕಳವು ಮಾಡಿಸಿದವನಿಗಿಂತ, ಕಂಡೂ ಸುಮ್ಮನಿದ್ದ ಈ ಮನುಷ್ಯನ ಮೇಲೆಯೇ ನನಗೆ ಹೆಚ್ಚು ಹೇಸಿಗೆ. ಟ್ಯುಟೋರಿಯಲ್ಲುಗಳಲ್ಲಿ ಪಾಠ ಹೇಳಿಕೊಂಡು ಪಿಎಚ್.ಡಿ. ಮುಗಿಸುವ ಹೊತ್ತಿಗೆ ಒಂಬತ್ತು ವರ್ಷವಾಯಿತು. ಮಾವನೂ ಇರಲಿಲ್ಲ, ಮಂದೆಯೂ ಇರಲಿಲ್ಲ...

ಮೇಷ್ಟ್ರು ತೀರಿಕೊಂಡು ಎಷ್ಟೋ ಕಾಲವಾಯಿತಂತೆ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ಸತ್ತವರನ್ನು ಬಯ್ಯಬಾರದು ಎನ್ನುತ್ತಾರೆ. ನಾನು ಬಯ್ಯುತ್ತಲೇ ಇದ್ದೆ, ನಿವೃತ್ತಿಯ ಹಿಂದಿನ ವರ್ಷ ನಾನೇ ಒಂದು ಫೆಲೋಶಿಪ್ ಸಮಿತಿಯಲ್ಲಿ ಕೂರುವವರೆಗೆ.

ಅಲ್ಲಿ ಎರಡು ಅರ್ಜಿಗಳು ಸಾಲು ಸಾಲೂ ಒಂದೇ ಇದ್ದವು. ಒಂದು ಪಾವಗಡದ ಕಡೆಯ ಹುಡುಗಿಯದು, ಅವಳ ಅಜ್ಜಿಯ ಮನೆಯ ಬಾವಿಯ ಬಗ್ಗೆ. ಇನ್ನೊಂದು ಅಧ್ಯಕ್ಷರ ಶಿಷ್ಯನದು, ಅದರಲ್ಲೂ ಅದೇ ಅಜ್ಜಿ, ಅದೇ ಬಾವಿ. ಶಿಷ್ಯನ ಹೆಸರು ಓದಿ ಅಧ್ಯಕ್ಷರು, "ಏನಾದ್ರೂ ಹೇಳೋದಿದೆಯಾ ಸಾರ್?" ಎಂದು ನನ್ನನ್ನೇ ಕೇಳಿದರು. ನನ್ನ ಪಿಂಚಣಿಯ ಕಾಗದಗಳು ಅವರ ಸಹಿಗಾಗಿ ಅವರ ಮೇಜಿನ ಮೇಲಿದ್ದವು. ಇಲ್ಲ ಎಂದೆ. ಸಹಿ ಹಾಕಿ ಊಟಕ್ಕೆ ಎದ್ದೆ.

ಮೊನ್ನೆ ಕಡತದಿಂದ ಬಿದ್ದ ಆ ಕಾರ್ಬನ್ ಹಾಳೆಯನ್ನು ಮತ್ತೆ ಕಿಟಕಿಗೆ ಹಿಡಿದೆ. ಸೋದರಮಾವನ ಮಂದೆ ಈಗಲೂ ನಿಚ್ಚಳವಾಗಿ ಕಾಣುತ್ತದೆ. ಮೇಷ್ಟ್ರು ನನಗೆ ಇಷ್ಟನ್ನಾದರೂ ಕೊಟ್ಟಿದ್ದರು. ಆ ಹುಡುಗಿಯ ಅರ್ಜಿಯ ಕೊನೆಯಲ್ಲಿ ವಿಳಾಸವಿತ್ತು. ನಾನು ಅದನ್ನು ಬರೆದುಕೊಳ್ಳಲೂ ಇಲ್ಲ.