ಹೊಟ್ಟೆಯ ಮೇಲಿನ ಮಷೀನು

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ಮೂತ್ರ ಕಟ್ಟತೊಡಗಿತು. ಮಸ್ಕಿಯಲ್ಲಿ ಅವನದು ಬಟ್ಟೆ ಅಂಗಡಿ. ನಾನು ಅಲ್ಲೇ ಶಾಲೆಯ ಶಿಕ್ಷಕಿ. ಅವ್ವ ತೀರಿಕೊಂಡಿದ್ದಳು, ಒಡಹುಟ್ಟಿದವರಿಲ್ಲ. ಹೀಗಾಗಿ ಹೆಣ್ಣುಮಕ್ಕಳು ಬಾಯಿ ಬಿಟ್ಟು ಆಡದ ಮಾತನ್ನೆಲ್ಲ ಡಾಕ್ಟರ ಮುಂದೆ ನಾನೇ ಆಡಬೇಕಾಯಿತು.

ಸಿಂಧನೂರಿನಲ್ಲಿ ನೋಡಿದ ಡಾಕ್ಟರು ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಮೇಲೆ ಅನುಮಾನಪಟ್ಟು ಲಿಂಗಸುಗೂರಿನ ಸರ್ಜನ್ ಹತ್ತಿರ ಕಳಿಸಿದರು. ಸರ್ಜನ್ ಹಿಂದಿನಿಂದ ಬೆರಳು ಹಾಕಿ ಪರೀಕ್ಷಿಸಿದರು. ಹೊರಗೆ ಬಂದ ಅಪ್ಪ ಧೋತರ ಸರಿಮಾಡಿಕೊಂಡು ಬೆಂಚಿನ ಮೇಲೆ ಕುಳಿತ. ಕೊರಳಿನ ಲಿಂಗ ಮುಟ್ಟಿಕೊಂಡ, ನನ್ನ ಮುಖ ನೋಡಲಿಲ್ಲ.

ನಮ್ಮ ಕಡೆ ಹಿರಿಯರ ಜಡ್ಡಿನ ಮಾತನ್ನು ಹಿರಿಯರ ಮುಂದೆ ಆಡುವುದಿಲ್ಲ. ಸರ್ಜನ್ ನನ್ನೊಬ್ಬಳನ್ನೇ ಒಳಗೆ ಕರೆದರು.

"ಗಡ್ಡಿ ಐತಿ ಅನಸ್ತದ ತಂಗಿ. ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ನನ್ನ ಹತ್ರ ಇರೋದು ಹೊಟ್ಟಿ ಮ್ಯಾಲೆ ಇಟ್ಟು ನೋಡೋ ಸ್ಕ್ಯಾನಿಂಗ್ ಮಷೀನು. ಅದರಾಗ ಗ್ರಂಥಿ ಮಸಕಾಗಿ ಕಾಣ್ತದ, ಸೂಜಿ ಅಂದಾಜಿನ ಮ್ಯಾಲೆ ಹೋಗ್ತದ. ರಾಯಚೂರಾಗ ಹೊಸಾದು ಬಂದೈತಿ. ಹಿಂದಿನಿಂದ ಒಳಗ ಹಾಕಿ, ಹತ್ರದಿಂದ ನೋಡ್ಕೋತ ಸೂಜಿ ಹಾಕ್ತಾರ. ಯಾವ್ದು ಮಾಡಸ್ತೀರಿ?"

ನನಗೆ ಕಂಡದ್ದು ಬೆಂಚಿನ ಮೇಲಿನ ಅಪ್ಪ ಮಾತ್ರ. ಬೆರಳಿಗೇ ಹೀಗಾದವನಿಗೆ ಮಷೀನೇ? "ಅಪ್ಪಗ ಅದು ಆಗಂಗಿಲ್ರೀ. ಹೊಟ್ಟಿ ಮ್ಯಾಲಿಂದೇ ಮಾಡ್ರಿ" ಅಂದುಬಿಟ್ಟೆ. ಮರ್ಯಾದೆ ಉಳಿಸಿದೆ ಅಂತ ಒಳಗೊಳಗೇ ಹೆಮ್ಮೆ ಬೇರೆ. ಶಾಣ್ಯಾತನಕ್ಕೆ ಮಿತಿಯುಂಟೇ!

ಅವರು ಹಾಗೆಯೇ ಮಾಡಿದರು. ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. "ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ, ಮೂರು ತಿಂಗಳಿಗೆ ಮತ್ತ ಬರ್ರಿ" ಎಂದು ಸರ್ಜನ್ ಹೇಳಿದ್ದರು. ನಾನು ಕೇಳಿಸಿಕೊಂಡದ್ದು ಇಲ್ಲ ಎಂಬುದನ್ನಷ್ಟೇ. ಓಣಿಗೆಲ್ಲ ಸಕ್ಕರೆ ಹಂಚಿದೆ, ಜಂಗಮರನ್ನು ಕರೆದು ಊಟಕ್ಕೆ ಹಾಕಿದೆ. ಸಕ್ಕರೆ ಹಂಚಿದ ಮನೆಯವರು ಮತ್ತೆ ದವಾಖಾನೆಗೆ ಹೋದರೆ ಜನ ಏನಂದಾರು? ಮೂರು ತಿಂಗಳು ಎಂಟಾದವು.

ಆಮೇಲೆ ಅಪ್ಪನಿಗೆ ನಡು ನೋವು ಶುರುವಾಯಿತು. ಅರಿವೆ ಗಂಟು ಎತ್ತಿದ್ದಕ್ಕೆ ಅಂತ ಅವನು ಎಣ್ಣೆ ತಿಕ್ಕಿಸಿಕೊಂಡ. ನನಗೆ ಮಾತ್ರ ಸರ್ಜನ್ ಮಾತು ನೆನಪಾಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಲೇ ಕಳೆದ ತಿಂಗಳುಗಳನ್ನು ಎಣಿಸುತ್ತಿದ್ದೆ. ಅಪ್ಪ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಇಷ್ಟು ಭಯ ಅವ್ವ ಸಾಯುವಾಗಲೂ ಆಗಿರಲಿಲ್ಲ.

ಕೊನೆಗೆ ರಾಯಚೂರಿಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಇನ್ನೂ ಎಳೆಯರು, ನಮ್ಮ ರೀತಿ ರಿವಾಜು ಗೊತ್ತಿರಲಿಲ್ಲ. ನೇರ ಅಪ್ಪನಿಗೇ ಮಷೀನು ತೋರಿಸಿ, ಇದು ಎಲ್ಲಿ ಹೋಗುತ್ತದೆ, ಯಾಕೆ ಎಂದು ಹೇಳಿದರು. ಹಳೆಯ ಚಾಳಿಯಂತೆ ನಾನು ಬಾಯಿ ತೆರೆದೆ: "ಅಪ್ಪಗ..."

"ನೀ ಸುಮ್ನಿರವ್ವ" ಅಂದ ಅಪ್ಪ. "ಹಾಕ್ರೀ ಡಾಕ್ಟ್ರೇ. ಜೀವಕ್ಕಿಂತ ನಾಚಿಕಿ ದೊಡ್ಡದೇನ್ರಿ?"

ಪರದೆಯ ಮೇಲೆ ಗ್ರಂಥಿಯ ಅಂಚಿಗೆ ಕಪ್ಪು ಕಲೆ ಕಾಣಿಸಿತಂತೆ. ಅದಕ್ಕೇ ಸೂಜಿ ಹಾಕಿದರು. ಈ ಸಲ ಕ್ಯಾನ್ಸರ್ ಸಿಕ್ಕಿತು. ಆಗಲೇ ಬೆನ್ನೆಲುಬಿಗೂ ಇಳಿದಿತ್ತು. ಮೊದಲೇ ಗೊತ್ತಾಗಿದ್ದರೆ ಆಪರೇಷನ್ ಮಾಡಬಹುದಿತ್ತೇನೋ, ಈಗ ಗುಳಿಗೆಯಷ್ಟೇ ಎಂದರು.

ಗುಳಿಗೆಯ ಚೀಟಿ ಹಿಡಿದು ಮೆಟ್ಟಿಲು ಇಳಿಯುವಾಗ ಅಪ್ಪ ನನ್ನ ಭುಜ ಹಿಡಿದಿದ್ದ.

"ಅಲ್ಲಬೇ, ನಾವು ಲಿಂಗಸುಗೂರಿಗೆ ಹೋದಾಗ ಈ ಮಷೀನು ಬಂದಿದ್ದಿಲ್ಲೇನು?"

ಅವನ ಬೆರಳುಗಳ ಭಾರ ಭುಜದ ಮೇಲಿತ್ತು. ನಿಜ ಹೇಳಿದರೆ ಆ ಕೈ ತೆಗೆದುಬಿಡುತ್ತಾನೆ ಎಂದು ಹೆದರಿದೆ.

"ಬಂದಿದ್ದಿಲ್ಲಪ್ಪ" ಅಂದೆ.

"ಹೋಗಲಿ ಬಿಡು, ಹಂಗಾದ್ರ ಯಾರ್ದೂ ತಪ್ಪಲ್ಲ" ಅಂದ.